ಗಾಲ್ಫ್ ಪುಸ್ತಕಕ್ಕೆ ನಾನು ಬರೆದ ಅಭಿಪ್ರಾಯ

ಹೋದ ತಿಂಗಳು ನಮ್ಮ ಸಾಲಿಯವರು ಎಲ್ಲ ಶಿಕ್ಷಕರ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಕಳಿಸಿರಿ ಎಂದರು. ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಫೈಲು ಹಿಡಿದು ಹೋದೆ. ಫೈಲು ತೆರೆದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಬಂತು. ನಮ್ಮವ್ವ ಇದ್ದಾಗ ನನ್ನ ಬಿ.ಎ. ಪ್ರಮಾಣಪತ್ರಕ್ಕೆ ಹುಳ ಬೀಳಬಾರದೆಂದು ತನ್ನ ಇಳಕಲ್ ಸೀರೆಯ ಜೊತೆ ಟ್ರಂಕಿನಲ್ಲಿ ಇಡುತ್ತಿದ್ದಳು. ಆ ವಾಸನೆ ಇನ್ನೂ ಹೋಗಿಲ್ಲ. ಅಂಗಡಿಯವನು ಪ್ರಮಾಣಪತ್ರವನ್ನು ಪ್ಲಾಸ್ಟಿಕ್ಕಿನಿಂದ ಎಳೆದಾಗ ಅದರ ಬೆನ್ನಿಗೆ ಅಂಟಿಕೊಂಡಿದ್ದ ಇನ್ನೊಂದು ಹಾಳೆ ಕೆಳಗೆ ಬಿತ್ತು. ನಾಲ್ಕು ಮಡಿಕೆಯ, ಗೆರೆಯುಳ್ಳ ಹಾಳೆ. ಒಂದು ಅಂಚು ಹರಿದದ್ದು.

"ಸರ್, ಇದನ್ನೂ ಸ್ಕ್ಯಾನ್ ಮಾಡ್ಲೇನ್ರಿ?" ಎಂದು ಕೇಳಿದ.

"ಬ್ಯಾಡಪಾ, ಅದು ನನ್ನ ಪದವಿಗೆ ಸಂಬಂಧ ಇಲ್ಲ" ಅಂದೆ. ಬಗ್ಗಿ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ನನ್ನ ಪದವಿಗೂ ಆ ಹಾಳೆಗೂ ಎಷ್ಟು ಸಂಬಂಧ ಇದೆ ಎಂಬುದು ಈ ಊರಿನಲ್ಲಿ ಈಗ ನನ್ನೊಬ್ಬನಿಗೇ ಗೊತ್ತು.

ನನ್ನ ಪದವಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಹೆಮ್ಮೆ ನನಗೆ ಇವತ್ತಿಗೂ ಇದೆ. ಸಂಪಗಾಂವದ ಆಚೆ ನಮ್ಮ ಹಳ್ಳಿ. ಅಪ್ಪ ಹೆಬ್ಬೆಟ್ಟು ಒತ್ತುವವನು. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದವರೇ ಇರಲಿಲ್ಲ, ನಾನು ಬಿ.ಎ. ದಾಟಿದೆ. ಅದೂ ಇಂಗ್ಲಿಷ್ ತೆಗೆದುಕೊಂಡು, ಎರಡು ಸಲ ಅದೇ ಇಂಗ್ಲಿಷಿನಲ್ಲಿ ಬಿದ್ದು, ಮೂರನೆಯ ಸಲ ಎದ್ದು. ಫಲಿತಾಂಶ ಬಂದ ದಿನ ಅಪ್ಪ ಊರ ಅಗಸಿಯಲ್ಲಿ ಕುಳಿತವರಿಗೆಲ್ಲ ಪೇಢೆ ಹಂಚಿ, "ನನ್ನ ಮಗಗ ಈಗ ಬರಲಾರದ್ದು ಅಂದ್ರ ಒಂದೂ ಇಲ್ಲ" ಎಂದಿದ್ದ. ಆ ಮಾತನ್ನು ನಾನು ನಂಬಿಬಿಟ್ಟೆ. ತಪ್ಪು ಅಲ್ಲಿಂದಲೇ ಶುರುವಾಯಿತು ಅನಿಸುತ್ತದೆ.

ಪದವಿ ಬಂದರೂ ನೌಕರಿ ಬರಲಿಲ್ಲ. ದಿನಾ ಸೈಕಲ್ ಹೊಡೆದು ಬೈಲಹೊಂಗಲಕ್ಕೆ ಬಂದು ಒಂದು ಹೈಸ್ಕೂಲಿನ ವಾಚನಾಲಯದಲ್ಲಿ ಕೂಡುತ್ತಿದ್ದೆ. ಸಾಲಿ ನಡೆಸುವ ಸಂಸ್ಥೆಯವರೇ ಅದನ್ನು ಊರವರಿಗೂ ತೆರೆದಿಟ್ಟಿದ್ದರು. ಅಲ್ಲಿಯ ಗ್ರಂಥಪಾಲಕರನ್ನು ಎಲ್ಲರೂ ಲೈಬ್ರರಿ ಸರ್ ಎನ್ನುತ್ತಿದ್ದರು. ಅವರದೊಂದು ಕಟ್ಟುನಿಟ್ಟು. ಪುಸ್ತಕ ವಾಪಸು ಕೊಡುವವರು ಒಂದು ದಪ್ಪ ವಹಿಯಲ್ಲಿ ಅಭಿಪ್ರಾಯ ಬರೆಯಬೇಕು. ಬರೆಯದಿದ್ದರೆ ಮುಂದಿನ ಪುಸ್ತಕ ಇಲ್ಲ. ಒಂದು ಪುಸ್ತಕಕ್ಕೆ ಒಂದು ಹಾಳೆ. ಒಬ್ಬರು ಬರೆದದ್ದರ ಕೆಳಗೆ ಇನ್ನೊಬ್ಬರು. ಎಲ್ಲರೂ ಬರೆದಾದ ಮೇಲೂ ಕೊನೆಗೆ ಎರಡು ಗೆರೆ ಖಾಲಿ ಇರಬೇಕು, "ಮುಂದ ಬರಾವರಿಗೆ ಜಾಗಾ ಬೇಕಲ್ಲ" ಎನ್ನುತ್ತಿದ್ದರು. ಟೇಲರ್ ಬರೆಯುತ್ತಿದ್ದ, ಹತ್ತಿ ವ್ಯಾಪಾರದವರು ಬರೆಯುತ್ತಿದ್ದರು. "ಹೆಣ್ಣುಮಗಳ ಕಡೀಕ ಸಾಯಬಾರದಿತ್ತು, ನನಗ ಊಟಾ ಹೋಗಲಿಲ್ಲ" ಎಂಬಂಥ ಅಭಿಪ್ರಾಯಗಳು. ನಾನು ಅವನ್ನು ಓದಿ ಒಳಗೊಳಗೇ ನಗುತ್ತಿದ್ದೆ. ಪದವೀಧರ ನೋಡಿ.

ಆ ವಾಚನಾಲಯಕ್ಕೆ ದಿನಾ ಮಧ್ಯಾಹ್ನ ಬರುತ್ತಿದ್ದ ಇನ್ನೊಬ್ಬರೆಂದರೆ ಗ್ರೌಂಡ್ ಕಾಕಾ. ಹೈಸ್ಕೂಲಿನ ಆಟದ ಮೈದಾನ ನೋಡಿಕೊಳ್ಳುವ ಕೆಲಸ. ದಿನಗೂಲಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವರು. ಕನ್ನಡವನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಕಳೆ ತೆಗೆಯುವ ಕುರ್ಪಿಯನ್ನು ಬಾಗಿಲ ಹೊರಗೆ ಚಪ್ಪಲಿಯ ಪಕ್ಕ ಇಟ್ಟು ಒಳಗೆ ಬರುತ್ತಿದ್ದರು. "ಪುಸ್ತಕದ ಮುಂದ ಹತಾರ ಬ್ಯಾಡ" ಎನ್ನುತ್ತಿದ್ದರು. ಅವರು ಓದುತ್ತಿದ್ದದ್ದು ಹೆಚ್ಚಾಗಿ ಆ ವಹಿಯನ್ನೇ. ಪುಸ್ತಕಕ್ಕಿಂತ ಅದರ ಬಗ್ಗೆ ಜನ ಏನಂದರು ಎಂಬುದರಲ್ಲಿ ಅವರಿಗೆ ರುಚಿ. ಆದರೆ ತಾವು ಎಂದೂ ಬರೆದವರಲ್ಲ. "ನಾ ಏನ್ ಬರೀಲೋ ತಮ್ಮಾ, ಪೂರಾ ಓದಿದ್ರಲ್ಲೇನು ಬರಿಯೂದು?"

ಆ ಮೈದಾನದ ಹುಲ್ಲು ಅವರು ಬೆಳೆಸಿದ್ದು. ನಮ್ಮ ಕಡೆ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಕರಿಕಿ ಹುಲ್ಲು ಬಿದ್ದರೆ ರೈತ ಎದೆ ಬಡಿದುಕೊಳ್ಳುತ್ತಾನೆ. ಬೇರುಸಹಿತ ಅಗೆದು ಬದುವಿಗೆ ಒಗೆಯುತ್ತಾನೆ. ಕಾಕಾ ಆ ಒಗೆದ ಕರಿಕಿಯನ್ನೇ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ತಂದು ಗೇಣಿಗೊಂದರಂತೆ ಊರುತ್ತಿದ್ದರು. "ಊರೆಲ್ಲ ಬೈದು ಒಗದದ್ದು ನನ್ನ ಗ್ರೌಂಡಿಗೆ ಬಂದ್ರ ಮರ್ಯಾದಿ ಆಕ್ಕೈತಿ ನೋಡು" ಎಂದು ನಗುತ್ತಿದ್ದರು.

ಅದೇ ವರ್ಷ ಬೆಳಗಾವಿಯಲ್ಲಿ ತೀರಿಕೊಂಡ ಮಿಲಿಟರಿ ಅಧಿಕಾರಿಯೊಬ್ಬರ ಮನೆಯವರು ಎರಡು ಪೆಟ್ಟಿಗೆ ಇಂಗ್ಲಿಷ್ ಪುಸ್ತಕ ವಾಚನಾಲಯಕ್ಕೆ ಕೊಟ್ಟರು. ತೆರೆದು ನೋಡಿದರೆ ಹೆಚ್ಚಿನವು ಗಾಲ್ಫ್ ಮೈದಾನಗಳ ಬಗ್ಗೆ, ಇನ್ನು ಕೆಲವು ಪಗಾರ ತೆಗೆದುಕೊಂಡು ಆಡುವ ಪರದೇಶದ ಫುಟ್‌ಬಾಲ್ ಆಟಗಾರರ ಬಗ್ಗೆ. ಬೈಲಹೊಂಗಲದಲ್ಲಿ ಯಾರು ಓದಬೇಕು? ಲೈಬ್ರರಿ ಸರ್ ನನ್ನ ಕಡೆ ತಿರುಗಿ, "ನೀ ಕಲತಾವ, ನೀ ಓದಿ ಕನ್ನಡದಾಗ ಅಭಿಪ್ರಾಯ ಬರಿ. ಅದನ್ನರೆ ಜನಾ ಓದ್ಲಿ" ಎಂದರು. ಸಂಸ್ಥೆಯ ಚೇರಮನ್ನರೂ ಆಗೀಗ ವಹಿ ನೋಡುತ್ತಾರೆ, ಜೂನಿನಲ್ಲಿ ಇಂಗ್ಲಿಷ್ ಮಾಸ್ತರರ ಜಾಗ ಖಾಲಿಯಾಗುತ್ತದೆ ಎಂದೂ ಮೆಲ್ಲಗೆ ಹೇಳಿದರು.

ಮನೆಗೆ ಒಯ್ದು ತೆರೆದೆ. ಮೊದಲ ಪುಟದ ಅರ್ಧದಲ್ಲೇ ನನ್ನ ಇಂಗ್ಲಿಷ್ ಮುಗಿಯಿತು. ಪರೀಕ್ಷೆಯ ನೋಟ್ಸು ಬಾಯಿಪಾಠ ಮಾಡಿ ಪಾಸಾದವನು ನಾನು. ಮಣ್ಣು, ಇಳಿಜಾರು, ಹುಲ್ಲಿನ ಜಾತಿ, ಬಸಿಗಾಲುವೆ ಇವುಗಳ ಇಂಗ್ಲಿಷ್ ಶಬ್ದಗಳನ್ನು ನನಗೆ ಯಾರೂ ಕಲಿಸಿರಲಿಲ್ಲ. ತಿಳಿಯುವುದಿಲ್ಲ ಎಂದು ಸರ್‌ಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬೆನ್ನಟ್ಟೆಯ ಮೇಲಿನ ನಾಲ್ಕು ಸಾಲು ಹೊಂದಿಸಿ, ಚಿತ್ರ ನೋಡಿ, ಉಳಿದದ್ದನ್ನು ತಲೆಯಿಂದ ತೆಗೆದು ಬರೆದೆ.

ಫುಟ್‌ಬಾಲಿನ ಪುಸ್ತಕಕ್ಕೆ "ಜೀವನವೆಂಬುದು ಒಂದು ಚೆಂಡು, ಒದೆಯುವ ಕಾಲಿನಲ್ಲಿ ಗುರಿ ಇರಬೇಕು" ಎಂದೇನೋ ಬರೆದೆ. ಮರುದಿನ ಅದರ ಕೆಳಗೆ ಟೇಲರ್ ಬರೆದಿದ್ದ: "ಚೆಂಡಿನಾಗ ಗಾಳಿ ಇರತೈತಿ. ಅಭಿಪ್ರಾಯದಾಗೂ ಐತಿ." ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. "ಏ, ಓದಿದವರ ಮಾತು ನಗಿ ಆಡಬಾರದ್ರೋ" ಎಂದು ಟೇಲರನಿಗೇ ಬೈದರು.

ಗಾಲ್ಫ್ ಪುಸ್ತಕದ ಅಭಿಪ್ರಾಯಕ್ಕೆ ಏನಾದರೂ ಗಟ್ಟಿ ವಿಷಯ ಬೇಕಿತ್ತು, ಟೇಲರನ ಬಾಯಿ ಮುಚ್ಚಿಸುವಂಥದ್ದು. ಆಗ ನೆನಪಾದದ್ದು ನಮ್ಮ ಸೋದರಮಾವನ ನಿಂಬೆ ಗಿಡಗಳು. ಅವನು ವರ್ಷಕ್ಕೊಮ್ಮೆ ಗಿಡಕ್ಕೆ ನೀರು ಬಂದ್ ಮಾಡಿ ಎಲೆ ಬಾಡುವತನಕ ಒಣಗಿಸುತ್ತಿದ್ದ. ಆಮೇಲೆ ನೀರು ಬಿಟ್ಟರೆ ಮೈತುಂಬ ಹೂವು. ಆ ನಿಂಬೆ ಗಿಡದ ಬುದ್ಧಿಯನ್ನು ಎತ್ತಿ ಗಾಲ್ಫ್ ಪುಸ್ತಕದ ಬಾಯಿಗೆ ಹಾಕಿದೆ. ಹೊರದೇಶದವರು ದೊಡ್ಡ ಪಂದ್ಯಕ್ಕೆ ಮುಂಚೆ ಹುಲ್ಲನ್ನು ಬೇರಿನ ಮಟ ಕತ್ತರಿಸಿ, ಮೂರು ವಾರ ಹನಿ ನೀರು ಬಿಡದೆ ಒಣಗಿಸುತ್ತಾರೆ, ನಂತರ ನೀರು ಬಿಟ್ಟಾಗ ಹುಲ್ಲು ಗಾದಿಯಂತೆ ಎದ್ದು ಬರುತ್ತದೆ, ಇದೇ ಈ ಗ್ರಂಥದ ಸಾರ... ಹೀಗೆ ಬರೆದು ಕೆಳಗೆ ಹೆಸರು, ಹೆಸರಿನ ಮುಂದೆ ಬಿ.ಎ. ಎಂದು ಹಾಕಿದೆ. ಬಿ.ಎ. ಹಾಕುವುದನ್ನು ಎಂದೂ ಮರೆಯುತ್ತಿರಲಿಲ್ಲ.

ಕಾಕಾ ಆ ಹಾಳೆಯನ್ನು ಮೂರು ದಿನ ಓದಿದರು. ಪುಸ್ತಕದ ಚಿತ್ರಗಳ ಮೇಲೆ ಅಂಗೈ ಆಡಿಸಿ ನೋಡಿದರು. "ಒಂದ ತಗ್ಗಿನಾಗ ಒಂದ ಗೋಲಿ ಹಾಕಾಕ ಇಷ್ಟ ಭೂಮಿ ಬೇಕೇನೋ? ನಾಕ ಕೂರಿಗಿ ಹೊಲಾ ಆಕ್ಕಿತ್ತಲ್ಲೋ. ದೊಡ್ಡ ಸಾಹೇಬರ ಗೋಲಿ ಆಟ ಐತಿ ಇದು" ಎಂದು ಬೆರಗಾದರು. ಫುಟ್‌ಬಾಲಿನ ಪುಸ್ತಕ ತೋರಿಸಿ ಇನ್ನೊಂದು ಕೇಳಿದರು. "ಆಡಾವಗ ಅಷ್ಟ ಪಗಾರ ಕೊಡತಾರ ಅಂದ್ರ, ಅವರ ಗ್ರೌಂಡ್ ನೋಡಕೊಳ್ಳಾವಗ ಎಷ್ಟ ಕೊಡತಾರಂತ ಬರದಾರೇನು?"

"ಓದಿ ಹೇಳತೇನಿ ಕಾಕಾ" ಅಂದೆ. ಓದಲಿಲ್ಲ.

ನಾಲ್ಕನೆಯ ದಿನ ಮೈದಾನದ ಬೇವಿನ ಗಿಡದ ಕೆಳಗೆ ನನ್ನನ್ನು ನಿಲ್ಲಿಸಿದರು. ಫೆಬ್ರುವರಿಯಲ್ಲಿ ಸಂಸ್ಥೆಯ ಐವತ್ತು ವರ್ಷದ ಸಮಾರಂಭ. ಸವದತ್ತಿ, ರಾಮದುರ್ಗ, ಕಿತ್ತೂರಿನ ಫುಟ್‌ಬಾಲ್ ತಂಡಗಳು ಬರುವುದಿತ್ತು. ಗ್ರೌಂಡು ಚೆಂದ ಕಂಡರೆ ಕಾಕಾನನ್ನು ಕಾಯಂ ಮಾಡುತ್ತೇವೆ ಎಂದು ಚೇರಮನ್ನರು ಮಾತು ಕೊಟ್ಟಿದ್ದರು.

"ತಮ್ಮಾ, ಒಂದ ಮಾತು. ಇದು ಎರಿ ಭೂಮಿ. ಮೂರ ವಾರ ನೀರ ಬಿಡದಿದ್ರ ಬಾಯಿ ತಕ್ಕೊಂಡ ಬಿರೀತೈತಿ. ಪುಸ್ತಕದಾಗ ಎರಿ ಭೂಮಿದು ಏನರೆ ಬರದಾರೇನು? ಇನ್ನೊಮ್ಮಿ ನೋಡ್ತೀ?"

ನಾನೂ ಎರಿ ಹೊಲದಲ್ಲೇ ಬೆಳೆದವನು. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಕುಡಗೋಲು ಬಿದ್ದು ಕೈಗೆ ಸಿಗದೆ ಹೋದದ್ದನ್ನು ನೋಡಿದವನು. ಅವರು ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು. ಆದರೂ ಬಾಯಲ್ಲಿ ಬಂದ ಮಾತು ಬೇರೆ.

"ಕಾಕಾ, ಇದು ವಿಜ್ಞಾನ ಐತಿ. ಅವರು ಲೆಕ್ಕಾ ಹಾಕಿ ಬರದಿರತಾರ. ನಮ್ಮ ಹೊಲದ ಮಾತ ಬ್ಯಾರೆ."

ಅವರು ಬಗ್ಗಿ ಒಂದು ಹೆಂಟೆ ಮಣ್ಣು ಎತ್ತಿ ಕೈಯಲ್ಲಿ ಪುಡಿಮಾಡಿದರು. "ಹೌದ್ ಬಿಡು. ನಾವು ಕಂಡದ್ದಷ್ಟ ಬಲ್ಲಿವಿ. ನೀವು ಓದಿದವರು" ಎಂದರು. ಆ ದಿನದವರೆಗೆ ನನ್ನನ್ನು ನೀನು ಎನ್ನುತ್ತಿದ್ದವರು ಆಗ ಒಮ್ಮೆ ಮಾತ್ರ ನೀವು ಎಂದರು... ಅದು ನನಗೆ ಹಿತವಾಗಿತ್ತು ಎಂಬುದನ್ನು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಹುಲ್ಲು ಕತ್ತರಿಸಿದರು. ನೀರು ಬಂದ್ ಮಾಡಿದರು. ಎರಡನೆಯ ವಾರಕ್ಕೆ ನೆಲ ಗೆರೆ ಬಿಟ್ಟಿತು. ಮೂರನೆಯ ವಾರ ಆ ಗೆರೆಗಳಲ್ಲಿ ನನ್ನ ಅಂಗೈ ಹೋಗುತ್ತಿತ್ತು. ಹೊಸದಾಗಿ ಊರಿದ ಕರಿಕಿ ಬೇರು ಮೇಲೆ ಮಾಡಿ ಒಣಗಿತ್ತು. ನೀರು ಬಿಟ್ಟರೆ ಅದು ಮೇಲೆ ನಿಲ್ಲದೆ ಬಿರುಕಿಗೆ ಇಳಿದು ಹೋಗುತ್ತಿತ್ತು. ಸಮಾರಂಭಕ್ಕೆ ಮೂರು ದಿನ ಮುಂಚೆ ಅಭ್ಯಾಸಕ್ಕೆಂದು ಬಂದ ರಾಮದುರ್ಗದ ಆಟಗಾರನೊಬ್ಬನ ಕಾಲು ಬಿರುಕಿನಲ್ಲಿ ಸಿಕ್ಕು ಮುರಿಯಿತು. ಪಂದ್ಯಗಳನ್ನು ಕಿತ್ತೂರಿಗೆ ಸಾಗಿಸಿದರು. ಊರ ಮುಂದೆ ಸಂಸ್ಥೆಯ ಮಾನ ಹೋಯಿತು ಎಂದು ಚೇರಮನ್ನರು ಕೆಂಡವಾದರು.

ಸಮಾರಂಭ ಮುಗಿದ ಮೇಲೆ ಲೈಬ್ರರಿ ಸರ್ ನನ್ನ ಕೈಗೆ ಗಾಲ್ಫ್ ಪುಸ್ತಕ ಕೊಟ್ಟರು. "ನಾಳೆ ಮೀಟಿಂಗ್ ಐತಿ. ಪುಸ್ತಕದಾಗ ನೀರ ಬಂದ್ ಮಾಡಂತ ಬರದಾರಂತ ಕಾಕಾ ಹೇಳಾಕ ಹತ್ಯಾನ. ಚೇರಮನ್ರು ನಿನ್ನ ಕೇಳತಾರ. ಎಲ್ಲಿ ಬರದಾರ ತಗದಿಟಗೊಂಡು ಬಾ." ಹೇಳಿ ಅವರು ಚಹಾಕ್ಕೆ ಹೋದರು. ಮೇಜಿನ ಮೇಲೆ ವಹಿ ಇತ್ತು. ಒಳಗೆ ಯಾರೂ ಇರಲಿಲ್ಲ... ಹಾಳೆ ಹರಿಯುವ ಸಪ್ಪಳ ಅಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊಲದ ಬಾರಿಹಣ್ಣಿನ ಗಿಡದ ಕೆಳಗೆ ಡಿಕ್ಷನರಿ ಇಟ್ಟುಕೊಂಡು ಕುಳಿತು ಆ ಪುಸ್ತಕವನ್ನು ಮೊದಲ ಸಲ ನಿಜವಾಗಿ ಓದಿದೆ. ಶಬ್ದಕ್ಕೆ ಶಬ್ದ ಹುಡುಕುತ್ತ. ಮಣ್ಣಿನ ಅಧ್ಯಾಯದ ನಡುವೆ ಅದು ಸಿಕ್ಕಿತು. ಅಂಟು ಮಣ್ಣಿನ ನೆಲವನ್ನು ಎಂದೂ ಪೂರ್ತಿ ಒಣಗಗೊಡಬೇಡಿ. ಒಣಗಿದರೆ ಬಿರಿಯುತ್ತದೆ, ಬಿರಿದರೆ ಹುಲ್ಲಿನ ಬೇರು ಹರಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ನೀರು ಕೊಡಿ. ಬೇವಿನ ಗಿಡದ ಕೆಳಗೆ ಕಾಕಾ ಹೇಳಿದ್ದು ಇದನ್ನೇ. ಎರಡು ಅಕ್ಷರ ಇಂಗ್ಲಿಷ್ ಬಾರದ ಮನುಷ್ಯ ಆ ಪುಸ್ತಕವನ್ನು ಬಲ್ಲವನಾಗಿದ್ದ, ಬಿ.ಎ. ಆದ ನಾನು ಅದಕ್ಕೆ ಅಭಿಪ್ರಾಯ ಬರೆದಿದ್ದೆ.

ಆಮೇಲೆ ಜೇಬಿನಿಂದ ಹರಿದ ಹಾಳೆ ತೆಗೆದೆ. ನನ್ನ ಅಭಿಪ್ರಾಯದ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಅಭಿಪ್ರಾಯ ಇತ್ತು. ಹರಿಯುವ ಗಡಿಬಿಡಿಯಲ್ಲಿ ನಾನು ಅದನ್ನು ನೋಡಿರಲಿಲ್ಲ. ಅಕ್ಷರಗಳು ಊರಿದ ಕರಿಕಿಯ ಹಾಗೆ ಗೇಣಿಗೊಂದು.

"ಚಿತ್ರ ನೋಡಿದೆ. ಹುಲ್ಲು ಭಾಳ ಚಲೋ ಇದೆ. ಇಂಗ್ಲೀಷ ಬರುದಿಲ್ಲ. ಮೇಲೆ ಬರೆದವರು ಕಲಿತವರು ಅವರು ಹೇಳಿದಾಂಗ ಮಾಡುತ್ತೇನೆ. ನಮ್ಮ ಗ್ರೌಂಡ ಹೀಂಗ ಆದರೆ ಹೆಸರು ಅವರದು."

ಕೆಳಗೆ ಸಹಿ. ಅದರ ಕೆಳಗೆ, ಸರ್ ಹೇಳಿದ ಪ್ರಕಾರ, ಎರಡು ಗೆರೆ ಖಾಲಿ. ಅಷ್ಟು ವರ್ಷ ವಹಿ ಓದಿದ ಮನುಷ್ಯ ತಮ್ಮ ಜನ್ಮದಲ್ಲಿ ಬರೆದ ಒಂದೇ ಒಂದು ಅಭಿಪ್ರಾಯ ಅದು. ಅದನ್ನೂ ನನ್ನದರ ಜೊತೆ ಹರಿದುಕೊಂಡು ಬಂದಿದ್ದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಯಾರೂ ಕೈ ಹಾಕದ ಜಾಗ ಎಂದು ನನ್ನ ಪ್ರಮಾಣಪತ್ರದ ಹಿಂದೆ ಸೇರಿಸಿಟ್ಟೆ.

ಮೀಟಿಂಗಿನಲ್ಲಿ ಕಾಕಾ ಗೋಡೆಗೆ ಅಂಟಿ ನಿಂತಿದ್ದರು. ಟೊಪ್ಪಿಗೆ ಕೈಯಲ್ಲಿ.

"ಯಾಂವ ಹೇಳಿದ್ನೋ ನಿನಗ ನೀರ ಬಂದ್ ಮಾಡಂತ?" ಎಂದರು ಚೇರಮನ್ನರು.

"ವಹಿಯಾಗ ಬರದಿತ್ರಿ ಸಾಹೇಬ್ರ."

"ತಗೀರಿ ವಹಿ."

ಲೈಬ್ರರಿ ಸರ್ ಹಾಳೆ ತಿರುವುತ್ತ ಹೋದರು. ಒಂದು ಕಡೆ ನಿಂತರು. ಹೊಲಿಗೆಯ ದಾರದ ಹತ್ತಿರ ಹರಿದ ಅಂಚು ನಾನು ಕುಳಿತಲ್ಲಿಂದಲೂ ಕಾಣುತ್ತಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕಾಕಾ ಅವರ ಹೆಗಲ ಮೇಲಿಂದ ಬಗ್ಗಿ ಆ ಅಂಚನ್ನು ನೋಡಿದರು, ಆಮೇಲೆ ನನ್ನನ್ನು.

ವಹಿಯಲ್ಲಿ ಏನೂ ಸಿಗದ್ದನ್ನು ಕಂಡು ಚೇರಮನ್ನರು ನನ್ನ ಕಡೆ ತಿರುಗಿದರು. "ನೀ ಹೇಳಪಾ, ಪದವೀಧರ. ಪುಸ್ತಕದಾಗ ನೀರ ಬಂದ್ ಮಾಡಂತ ಬರದಾರೇನು?"

"ಇಲ್ರಿ" ಅಂದೆ.

ಅದು ನಿಜವೇ ಆಗಿತ್ತು. ನಾನು ಆಡಿದ ಸುಳ್ಳುಗಳಲ್ಲೆಲ್ಲ ದೊಡ್ಡದು ಆ ನಿಜ. ಹಾಗೆ ಬರೆದವನು ನಾನು ಎಂಬ ಇನ್ನೊಂದು ಮಾತು ನಾಲಿಗೆಯ ಮೇಲೆ ಬಂದು ಕುಳಿತಿತ್ತು. ಜೂನಿನ ಖಾಲಿ ಜಾಗ, ಅಪ್ಪ ಹಂಚಿದ ಪೇಢೆ, ಮೂರು ಸಲ ಬರೆದ ಇಂಗ್ಲಿಷ್ ಪೇಪರು ಎಲ್ಲ ಸೇರಿ ಅದನ್ನು ಒಳಗೆ ನೂಕಿದವು.

ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇನ್ನೇನೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಚೇರಮನ್ನರ ಕಡೆ ತಿರುಗಿ, "ನಾನ ತಪ್ಪಿ ಓದೇನಿ ಕಾಣತೈತ್ರಿ. ಕಣ್ಣು ಮೊದಲಿನಂಗಿಲ್ರಿ. ಹುಡುಗಂದೇನೂ ತಪ್ಪಿಲ್ರಿ" ಎಂದರು. ಯಾರೂ ನನ್ನ ಹೆಸರು ಎತ್ತಿರಲಿಲ್ಲ. ಕೊನೆಯ ಆ ಮಾತು ಕೇಳಿ ಒಂದಿಬ್ಬರು ನನ್ನ ಕಡೆ ನೋಡಿದರು, ಅಷ್ಟೇ. ಲೈಬ್ರರಿ ಸರ್ ವಹಿ ಮುಚ್ಚಿದರು.

ಮರುದಿನದಿಂದ ಅವರಿಗೆ ಕೆಲಸ ಇರಲಿಲ್ಲ. ಜೂನಿನಲ್ಲಿ ನನಗೆ ಅದೇ ಸಂಸ್ಥೆಯಲ್ಲಿ ಇಂಗ್ಲಿಷ್ ಮಾಸ್ತರಿಕೆ ಸಿಕ್ಕಿತು. ಕಿಟಕಿಯಿಂದ ಮೈದಾನ ಕಾಣುವ ವರ್ಗ. ಲೈಬ್ರರಿ ಸರ್ ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಅಭಿಪ್ರಾಯ ಬರಿ ಎಂದು ಮತ್ತೆಂದೂ ವಹಿ ಮುಂದೆ ಮಾಡಲಿಲ್ಲ.

ಕಾಕಾನನ್ನು ಮತ್ತೆ ಕಂಡದ್ದು ಒಂದೇ ಸಲ, ಆರೇಳು ವರ್ಷದ ಮೇಲೆ, ಯರಗಟ್ಟಿಯಲ್ಲಿ. ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದೆ. ಒಂದು ಅಡತಿ ಅಂಗಡಿಯ ಮುಂದೆ ಗೋವಿನಜೋಳ ಹಸನು ಮಾಡುತ್ತ ಕುಳಿತಿದ್ದರು. ಅವರೇ ಗುರುತು ಹಿಡಿದು ಕರೆದರು. "ಏ ಮಾಸ್ತರ! ಬಾರೋ, ಕುಂಡರ ಬಾ. ಅಪ್ಪ ಆರಾಮ ಅದಾನ?" ಚಹಾ ತರಿಸಿದರು. ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತು... ಕಪ್ಪು ಖಾಲಿಯಾದರೂ ಬಾಯಿಂದ ಹೊರಡಲಿಲ್ಲ.

"ಆ ಚೆಂಡಾಟದ ಪುಸ್ತಕದಾಗ ಗ್ರೌಂಡ್ ನೋಡಕೊಳ್ಳಾವನ ಪಗಾರದ್ದು ಸಿಕ್ತೇನು?" ಎಂದು ಕೇಳಿದರು. ಚೇಷ್ಟೆಯೋ ನಿಜವೋ ತಿಳಿಯಲಿಲ್ಲ.

"ಇಲ್ಲ ಕಾಕಾ. ಅಷ್ಟು ಓದಲಿಲ್ಲ."

"ಅಭಿಪ್ರಾಯ ಬರಿಯೂದ ಬಿಟ್ಟಿ ಅಂದ್ರಲ್ಲೋ ಲೈಬ್ರರಿ ಸರ್ರು?"

"ಹೂಂ. ಬಿಟ್ಟೆ."

ಅವರು ಮೊರದಲ್ಲಿದ್ದ ಕಾಳು ಹಾರಿಸಿ, ಹೊಟ್ಟು ಊದಿ, ನನ್ನ ಮುಖ ನೋಡದೆಯೇ ಹೇಳಿದರು. "ಬಿಡಬ್ಯಾಡ. ಬರಿ. ಓದಿ ಬರಿ, ಅಷ್ಟ."

ಅಷ್ಟರಲ್ಲಿ ಬಸ್ಸು ಬಂತು. ಹತ್ತಿದೆ. ಮುಂದಿನ ಬಸ್ಸು ಅರ್ಧ ಗಂಟೆಗೇ ಇತ್ತು, ಇಳಿಯಬಹುದಿತ್ತು. ಸೀಟು ಸಿಕ್ಕಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಸಲ ಯರಗಟ್ಟಿಯಲ್ಲಿ ಇಳಿದೇ ಇಳಿದೆ, ಬರೀ ಅದಕ್ಕಾಗಿ. ಅಡತಿಯವರು, "ಅವರು ತೀರಿ ವರ್ಷ ಆತ್ರಿ" ಅಂದರು. ನಾನು ಬೇರೆ ಸಾಲಿಗೆ ಬಂದು ಎಷ್ಟೋ ಕಾಲವಾಯಿತು. ಲೈಬ್ರರಿ ಸರ್ ಕೂಡ ಇಲ್ಲ. ವಾಚನಾಲಯದ ಕೋಣೆ ಈಗ ಕಂಪ್ಯೂಟರ್ ಲ್ಯಾಬ್. ಆ ವಹಿ, ಆ ಪೆಟ್ಟಿಗೆಯ ಪುಸ್ತಕಗಳು ರದ್ದಿಗೆ ಹೋದವಂತೆ. ಕಾಕಾನ ಕೈಯ ಅಕ್ಷರ ಎಂದು ಈ ಲೋಕದಲ್ಲಿ ಉಳಿದದ್ದು ನಾನು ಕದ್ದ ಹಾಳೆಯಲ್ಲಿ ಮಾತ್ರ. ಕದಿಯದಿದ್ದರೆ ಅದೂ ರದ್ದಿಗೆ ಹೋಗುತ್ತಿತ್ತು ಎಂದು ಒಮ್ಮೊಮ್ಮೆ ಮನಸ್ಸು ಸಮಾಧಾನ ಹೇಳಲು ಬರುತ್ತದೆ. ಇಷ್ಟು ವರ್ಷದ ಮೇಲೂ ಎಂಥೆಂಥ ಸುಳ್ಳು ಹುಡುಕುತ್ತದೆ ನೋಡಿ.

ಸ್ಕ್ಯಾನ್ ಅಂಗಡಿಯಿಂದ ಮನೆಗೆ ಬಂದು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದೆ. ಮಡಿಕೆಯ ಗೆರೆಯಲ್ಲಿ ನನ್ನ ಅಕ್ಷರಗಳ ಶಾಯಿ ಬಿಟ್ಟುಹೋಗಿದೆ. ಅವರ ಪೆನ್ಸಿಲು ಹಾಗೇ ಇದೆ. ಕೆಳಗಿನ ಎರಡು ಗೆರೆಯೂ ಖಾಲಿಯೇ.

ಪೆನ್ನು ತೆಗೆದುಕೊಂಡು ಮೊದಲ ಗೆರೆಯ ಮೇಲೆ ಬರೆದೆ: "ಈ ಪುಸ್ತಕವನ್ನು ನಾನು ಓದಿರಲಿಲ್ಲ. ಕಾಕಾ ಹೇಳಿದ್ದೇ ಸರಿ ಇತ್ತು."

ಅದೇ ಗೆರೆಯ ಕೊನೆಗೆ ಹೆಸರು ಹಾಕಿದೆ. ಹೆಸರಿನ ಮುಂದೆ ಬಿ.ಎ. ಎಂದು ಬರೆಯಲು ಕೈ ತಾನಾಗಿ ಹೋಯಿತು... ತಡೆದೆ. ಎರಡನೆಯ ಗೆರೆಯನ್ನು ಹಾಗೇ ಬಿಟ್ಟಿದ್ದೇನೆ. ಓದಿ ಬರೆಯಬೇಕಾದವರು ಇನ್ನು ಬರುವುದಿಲ್ಲ ಎಂದು ಗೊತ್ತಿದ್ದೂ.